ನಮ್ಮ ಉಸ್ತಾದಿಕೆ

“ನೀವು ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸುತ್ತೀರಂತೆ, ದಿಟವೆ?” ಎಂದು ಮದುವೆಯ ಮನೆಗಳಲ್ಲಿಯೂ ಬಸ್ಸಿನ ನಿಲ್ದಾಣಗಳಲ್ಲಿಯೂ ನಮ್ಮನ್ನು ಕೇಳುವವರು ಇಂದಿಗೂ ಇದ್ದಾರೆ. ದಿಟವೆಂದೊಡನೆ ಎರಡನೆಯ ಪ್ರಶ್ನೆ ಸಿದ್ಧವಾಗಿರುತ್ತದೆ: “ಕಲಿಸುವವರು ನಿಮ್ಮಲ್ಲಿ ಯಾರು?” ಇಬ್ಬರೂ ಎಂದರೆ ಕೇಳಿದವರು ನಗುತ್ತಾರೆ. ನಗಲಿ; ನಗುವುದಕ್ಕೆ ಕಾರಣವಿಲ್ಲದೆ ಇಲ್ಲ.

ವಾಚಕರಲ್ಲಿ ಮೊದಲೇ ಒಂದು ಅರಿಕೆ. ನಾವು ಗಂಡಹೆಂಡಿರಿಬ್ಬರೂ ಕೂಡಿ ಇದನ್ನು ಬರೆಯುತ್ತಿದ್ದೇವೆ. ಒಬ್ಬರ ಹೆಸರನ್ನು ಒಬ್ಬರು ಹೇಳುವ ರೂಢಿ ನಮ್ಮ ಮನೆತನಗಳಲ್ಲಿಲ್ಲ. ಆದುದರಿಂದ ಗಂಡಸಾದವರನ್ನು ‘ಸಾಗರದವರು’ ಎಂದೂ ಹೆಂಗಸಾದವರನ್ನು ‘ಹೊಸನಗರದವರು’ ಎಂದೂ ಕರೆದುಕೊಳ್ಳುತ್ತೇವೆ. ಅವರವರು ಹುಟ್ಟಿ ಬೆಳೆದ ಊರುಗಳು ಅವು. ಸಂಸಾರ ಹೂಡಿರುವುದು ತೀರ್ಥಹಳ್ಳಿಯ ಬಳಿ, ಮಳೆಗಾಲದಲ್ಲಿ ತುಂಗೆಯ ಮೊರೆತ ಜಗುಲಿಗೆ ಕೇಳುವಷ್ಟು ದೂರದಲ್ಲಿ.

ಸಾಗರದವರು ಗರಡಿಯ ಮಣ್ಣಿನಲ್ಲಿ ಕಲಿತವರು. ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆಯ ರಸ ಬೆರೆಸಿ ಹದಮಾಡಿದ ಮಟ್ಟಿಯಲ್ಲಿ ಬೆಳಗಿನ ಜಾವಕ್ಕೆ ದಂಡೆ ಬಸ್ಕಿ ಹೊಡೆದು, ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ತೊಡೆ ತಟ್ಟಿದವರು. ಹೊಸನಗರದವರಾದರೋ ಶಾಲೆಯ ದಿನಗಳಲ್ಲಿ ಕಬಡ್ಡಿಯಾಡಿ, ಮುಂದೆ ದೈಹಿಕ ಶಿಕ್ಷಣವನ್ನು ಓದಿ, ಪಟಿಯಾಲದ ರಾಷ್ಟ್ರೀಯ ಕ್ರೀಡಾಸಂಸ್ಥೆಯ ಆರು ವಾರಗಳ ಶಿಕ್ಷಣವನ್ನು ಮುಗಿಸಿ ಬಂದವರು. ಒಬ್ಬರಿಗೆ ಮಣ್ಣು ಗೊತ್ತು, ಮತ್ತೊಬ್ಬರಿಗೆ ಮ್ಯಾಟು ಗೊತ್ತು. ಇಬ್ಬರಲ್ಲಿ ಯಾರೂ ರಾಷ್ಟ್ರಮಟ್ಟದ ಪಂದ್ಯದಲ್ಲಿ ನಿಂತವರಲ್ಲ. ಶಾಲೆಯ ಮಕ್ಕಳಿಗೆ ಸಂಜೆಯ ಹೊತ್ತು ನಾಲ್ಕು ಪಟ್ಟು ಹೇಳಿಕೊಡುವುದಕ್ಕೆ ಇಷ್ಟು ಬಂಡವಾಳ ಧಾರಾಳವಾಗಿ ಸಾಕಾಗಿತ್ತು.

ಮಣ್ಣಿಗೂ ಮ್ಯಾಟಿಗೂ ಏನು ಭೇದವೆಂದು ಗೃಹಿಣಿಯರು ಕೇಳಬಹುದು. ಮಣ್ಣಿನಲ್ಲಿ ಎದುರಾಳಿಯನ್ನು ಚಿತ್ ಮಾಡಿದವನು ಗೆದ್ದ. ಅದಕ್ಕೆ ಅರ್ಧ ಗಳಿಗೆ ಹಿಡಿದರೂ ಚಿಂತೆಯಿಲ್ಲ. ಮ್ಯಾಟಿನ ಮೇಲೆ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ೩೦ ಸೆಕೆಂಡು ವಿಶ್ರಾಂತಿ. ಕುಸ್ತಿಯಾಡುವ ವೃತ್ತದ ಅಡ್ಡಗಲ ೯ ಮೀಟರು. ಕಾಲು ಹೊರಗೆ ಬಿದ್ದರೆ ಎದುರಾಳಿಗೆ ಒಂದು ಅಂಕ. ಕೆಡವಿ ಹಿಂದಿನಿಂದ ಹಿಡಿತಕ್ಕೆ ತಂದುಕೊಂಡರೆ ಎರಡು. ನಿಂತವಳನ್ನು ಬೆನ್ನಡಿಯಾಗುವಂತೆ ಎಸೆದರೆ ನಾಲ್ಕು. ಹತ್ತು ಅಂಕಗಳ ಅಂತರ ಬಿದ್ದರೆ ಆಟ ಅಲ್ಲಿಗೇ ಮುಗಿಯಿತು. ಎರಡು ಭುಜಗಳೂ ನೆಲಕ್ಕೆ ತಾಗಿದರಂತೂ ಯಾವ ಲೆಕ್ಕವೂ ಬೇಡ. ಮಣ್ಣಿನವನು ಎತ್ತರವಾಗಿ ನಿಂತು ತೋಳಿನ ಬಲವನ್ನು ನೋಡುತ್ತಾನೆ. ಮ್ಯಾಟಿನವಳು ಬಗ್ಗಿ ನಿಂತು ಕಾಲನ್ನು ಹುಡುಕುತ್ತಾಳೆ. ಈ ಎರಡು ವಿದ್ಯೆಗಳೂ ಒಂದೇ ಮನೆಯಲ್ಲಿ ಸಂಸಾರ ಮಾಡುವಾಗ ಊಟದ ಹೊತ್ತಿನಲ್ಲಿ ಎಂತಹ ವಾಗ್ವಾದಗಳು ನಡೆದಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಹೆಂಗಸರ ಕುಸ್ತಿಯೇನೂ ನಿನ್ನೆ ಮೊನ್ನೆಯ ಹುಚ್ಚಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು, ಅಲ್ಲಿರುವವರು ಗಂಡಸು ಮಲ್ಲರು. ಆದರೆ ಸುಮಾರು ೧೫೩೫ರಲ್ಲಿ ವಿಜಯನಗರವನ್ನು ಕುರಿತು ಬರೆದ ಪೋರ್ಚುಗೀಸರ ನೂನಿಜನು ಅರಸನ ಬಳಿ ಕುಸ್ತಿಯಾಡುವ ಸ್ತ್ರೀಯರೂ ಇದ್ದರೆಂದು ಸ್ಪಷ್ಟವಾಗಿ ಹೇಳಿದ್ದಾನೆ. ನಮ್ಮ ಸೀಮೆಯವರು ಇಂತಹ ಮಾತು ಬಂದಾಗಲೆಲ್ಲ ಕೆಳದಿಯ ಚೆನ್ನಮ್ಮಾಜಿಯನ್ನು ಎಳೆತರುವುದುಂಟು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಮೊಗಲರ ಸೇನೆಯನ್ನು ಎದುರಿಸಿದ ಆ ಮಹಾತಾಯಿಯ ಹೆಸರಿನಿಂದ ಹುಡುಗಿಯರಿಗೆ ಧೈರ್ಯ ಬರುವುದಾದರೆ ಬರಲಿ. ಎರಡೂ ಕಾಲುಗಳನ್ನು ಹಿಡಿಯುವ ಪಟ್ಟನ್ನು ಮಾತ್ರ ನಾವೇ ಕಲಿಸಬೇಕಾಗುತ್ತದೆ. ಇನ್ನು ೧೯೫೪ರಲ್ಲಿ ಹಮೀದಾ ಬಾನು ಎಂಬಾಕೆ ಬರೋಡೆಯಲ್ಲಿ ಬಾಬಾ ಪೈಲ್ವಾನನನ್ನು ೧ ನಿಮಿಷ ೩೪ ಸೆಕೆಂಡುಗಳಲ್ಲಿ ಸೋಲಿಸಿದಳು. ಇಷ್ಟಿದ್ದರೂ ಹೆಂಗಸರಿಗೆ ವಿಶ್ವಮಟ್ಟದ ಪಂದ್ಯ ಮೊದಲಾದುದು ೧೯೮೭ರಲ್ಲಿ. ಒಲಿಂಪಿಕ್ಕಿನಲ್ಲಿ ಸ್ಥಾನ ದೊರೆತದ್ದು ೨೦೦೪ರಲ್ಲಿ, ಆಥೆನ್ಸಿನಲ್ಲಿ. ಹೀಗಾಗಿ ಹೆಣ್ಣುಮಕ್ಕಳಿಗೆ ಕಲಿಸುವುದು ಹೇಗೆಂದು ನಮ್ಮ ಹಳೆಯ ಉಸ್ತಾದರಲ್ಲಿ ಹೋಗಿ ಕೇಳೋಣವೆಂದರೆ ಅವರಿಗೂ ಅದು ಹೊಸದು.

೨೦೨೦ರ ಮಾರ್ಚಿನಲ್ಲಿ ಕೊರೋನಾ ಜಾಡ್ಯದ ದೆಸೆಯಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತಷ್ಟೆ. ಕ್ರೀಡಾ ವಸತಿನಿಲಯಗಳೂ ಮುಚ್ಚಿದುವು. ಅಲ್ಲಿದ್ದ ಮಕ್ಕಳೆಲ್ಲ ಗಂಟು ಮೂಟೆ ಕಟ್ಟಿಕೊಂಡು ತಮ್ಮ ತಮ್ಮ ಹಳ್ಳಿಗಳಿಗೆ ಹಿಂದಿರುಗಿದರು. ಹಾಗೆ ಬಂದವರಲ್ಲಿ ಮೂವರು ಹುಡುಗಿಯರು ನಮ್ಮ ಮೂರು ತಾಲ್ಲೂಕುಗಳವರು. ಸಾಗರದ ಕಡೆಯ ಅಕ್ಕತಂಗಿಯರಿಬ್ಬರು. ಮೂರನೆಯವಳು ಹೊಸನಗರ ತಾಲ್ಲೂಕಿನವಳು, ಹಿಂದೆ ಬಿದನೂರೆನಿಸಿಕೊಂಡಿದ್ದ ನಗರದ ಕಡೆಯವಳು. ಅವಳನ್ನು ಇಲ್ಲಿ ಬಿದನೂರಿನವಳೆಂದೇ ಕರೆಯೋಣ. ಕಿರಿಯರ ವಿಭಾಗದಲ್ಲಿ ೫೩ ಕಿಲೋ ತೂಕದಲ್ಲಿ ರಾಷ್ಟ್ರಮಟ್ಟದ ಪದಕವನ್ನು ತಂದವಳು ಅವಳು. ಊರಿನ ಬಾಗಿಲುಗಳು ಅಷ್ಟಿಷ್ಟು ತೆರೆದ ಮೇಲೆ ಆ ಮೂವರ ತಾಯ್ತಂದೆಗಳು ನಮ್ಮಲ್ಲಿಗೆ ಬಂದು, “ವಸತಿನಿಲಯ ತೆರೆಯುವವರೆಗೆ ಮೈ ಜಡವಾಗದಂತೆ ನೋಡಿಕೊಂಡರೆ ಸಾಕು” ಎಂದರು. ತೀರ್ಥಹಳ್ಳಿಯಲ್ಲಿ ಅವರಿಗೆ ನೆಂಟರ ಮನೆಗಳಿದ್ದುದೂ ಅನುಕೂಲವಾಯಿತು.

ಸಾಕು ಎಂಬುದು ಹೇಳುವುದಕ್ಕೆ ಸುಲಭವಾದ ಮಾತು. ಮಲೆನಾಡಿನ ಮಳೆಯಲ್ಲಿ ಮಟ್ಟಿ ಕೆಸರಾಗುತ್ತದೆ, ಮ್ಯಾಟಿಗೆ ಬೂಸ್ಟು ಹಿಡಿಯುತ್ತದೆ. ಅಡಿಕೆ ಒಣಗಿಸುವ ಮಾಡಿನ ಕೆಳಗೆ ಮ್ಯಾಟನ್ನು ಹಾಸಿ ದಿನಕ್ಕೆರಡು ಸಲ ಒಣಬಟ್ಟೆಯಿಂದ ಒರೆಸುತ್ತಿದ್ದೆವು. ಮೈಗೆ ಮೈ ತಾಗಿಸುವಂತಿಲ್ಲದ ಕಾಲವಾದ್ದರಿಂದ ಅಕ್ಕತಂಗಿಯರಿಬ್ಬರು ಮಾತ್ರ ತಮ್ಮೊಳಗೆ ಹಿಡಿದಾಡಿದರು. ಬಿದನೂರಿನವಳಿಗೆ ಗೋಣಿಯೊಳಗೆ ಮರಳನ್ನೂ ಅಡಿಕೆಯ ಸಿಪ್ಪೆಯನ್ನೂ ತುಂಬಿ ಒಂದು ಬೊಂಬೆಯನ್ನು ಹೊಲಿದುಕೊಟ್ಟೆವು. ಅದನ್ನು ಅವಳು ತಿಂಗಳುಗಟ್ಟಲೆ ಎತ್ತಿ ಎಸೆದಳು.

ನಮ್ಮ ಅಳುಕು ಮೊದಲಾದದ್ದು ಅಲ್ಲಿಂದ. ಶಾಲೆಯ ಮಗುವಿಗೆ ಕಾಲು ಹೀಗಿಡು ಎಂದರೆ ಅದು ಹಾಗೆಯೇ ಇಡುತ್ತದೆ. ಬಿದನೂರಿನವಳು “ಯಾಕೆ ಅಕ್ಕೋರೇ?” ಎಂದು ಕೇಳುತ್ತಿದ್ದಳು. ಗರಡಿಯಲ್ಲಿ ಉಸ್ತಾದರನ್ನು ಯಾರೂ ಯಾಕೆಂದು ಕೇಳಿದವರಿಲ್ಲ. ಸಾಗರದವರಿಗೆ ಆ ಪ್ರಶ್ನೆ ಮೊದಮೊದಲು ಕಿವಿಗೆ ಒರಟಾಗಿ ಬಿತ್ತು. ಅವಳದಾದರೋ ಉದ್ಧಟತನವಲ್ಲ. ನಾಲ್ಕಾರು ಮಂದಿ ತರಬೇತುದಾರರನ್ನು ಕಂಡವಳು. ಒಬ್ಬರು ಎಡವೆಂದುದನ್ನು ಇನ್ನೊಬ್ಬರು ಬಲವೆಂದುದನ್ನು ಕೇಳಿ ಕೇಳಿ, ಕಾರಣ ತಿಳಿಯದೆ ಯಾವುದನ್ನೂ ಒಪ್ಪಬಾರದೆಂದು ತೀರ್ಮಾನಿಸಿಕೊಂಡಿದ್ದಳು. ರಾತ್ರಿ ಮಕ್ಕಳು ಹೋದ ಮೇಲೆ ಬಚ್ಚಲೊಲೆಯ ಮುಂದೆ ಕುಳಿತು ನಾವು ಮಾತನಾಡಿಕೊಳ್ಳುತ್ತಿದ್ದುದು ಇದೊಂದನ್ನೇ: ಅವಳು ನಿಂತ ಕಣದಲ್ಲಿ ನಾವು ನಿಂತಿಲ್ಲ, ಅವಳಿಗೆ ಹೇಳಿಕೊಡುವುದಕ್ಕೆ ನಾವು ಯಾರು?

ಈ ಪ್ರಶ್ನೆಗೆ ಉತ್ತರ ದೊರೆತದ್ದು ಅವಳ ಕೈಯಲ್ಲಿದ್ದ ಫೋನಿನಿಂದ. ಹಿಂದಿನ ಎರಡು ವರ್ಷಗಳ ತನ್ನ ಪಂದ್ಯಗಳನ್ನು ಅವಳು ಅದರಲ್ಲಿ ಉಳಿಸಿಕೊಂಡಿದ್ದಳು. ನಾವು ಒಂದು ನೋಟುಪುಸ್ತಕವನ್ನು ಗೆರೆಹೊಡೆದು ಇಟ್ಟುಕೊಂಡು, ಒಂದೊಂದು ಪಂದ್ಯವನ್ನೂ ಹತ್ತು ಹದಿನೈದು ಸಲ ನೋಡಿದೆವು. ಯಾವ ನಿಮಿಷದಲ್ಲಿ ಅಂಕ ಹೋಯಿತು, ಆಗ ಯಾವ ಕಾಲು ಮುಂದಿತ್ತು, ಅದಕ್ಕೆ ಮುಂಚೆ ಅವಳು ಏನು ಮಾಡಿದ್ದಳು, ಎಲ್ಲವನ್ನೂ ಬರೆದೆವು. ಸಾಗರದವರಿಗೆ ಮ್ಯಾಟಿನ ನಿಯಮಗಳಲ್ಲಿ ಅಷ್ಟು ಪರಿಚಯವಿಲ್ಲದಿದ್ದರೂ, ಮೈಯ ತೂಕ ಎಲ್ಲಿ ಬೀಳುತ್ತಿದೆಯೆಂಬುದನ್ನು ಮೂವತ್ತು ವರ್ಷ ಗರಡಿಯಲ್ಲಿ ನೋಡಿದ ಕಣ್ಣು ಅವರದು. ಒಂದು ರಾತ್ರಿ ಅವರು, “ಇವಳು ಕೆಡುವುದು ಎದುರಾಳಿಯ ಪಟ್ಟಿನಿಂದಲ್ಲ, ತನ್ನ ಪಟ್ಟು ತಪ್ಪಿದ ಮೇಲೆ ಏಳುವಾಗ ತಲೆ ತಗ್ಗಿಸಿಕೊಂಡೇ ಏಳುತ್ತಾಳೆ” ಎಂದರು. ಹೊಸನಗರದವರು ಪುಸ್ತಕವನ್ನು ತಿರುವಿಹಾಕಿ ನೋಡಿದರು. ಕಳೆದುಕೊಂಡ ಅಂಕಗಳಲ್ಲಿ ಹೆಚ್ಚುಪಾಲು ಅಲ್ಲಿಯೇ ಇದ್ದುವು. ಕಾಲಿಗೆ ಕೈಹಾಕುವಳು, ಎದುರಾಳಿ ಸೊಂಟವನ್ನು ಹಿಂದಕ್ಕೆ ಚೆಲ್ಲಿ ತಪ್ಪಿಸಿಕೊಳ್ಳುವಳು, ಇವಳು ನೆಲ ನೋಡುತ್ತ ಏಳುವಷ್ಟರಲ್ಲಿ ಆಕೆ ಕೊರಳನ್ನೂ ತೋಳನ್ನೂ ಸೇರಿಸಿ ಹಿಡಿದು ಬೆನ್ನ ಹಿಂದಕ್ಕೆ ಸುತ್ತಿಕೊಳ್ಳುವಳು.

ಮರುದಿನ ಅವಳಿಗೆ ಅದನ್ನು ತೋರಿಸಿದೆವು. ನೋಡಿದಳು, ಮತ್ತೊಮ್ಮೆ ನೋಡಿದಳು. ಅಂದು ಅವಳು ಯಾಕೆಂದು ಕೇಳಲಿಲ್ಲ. “ಇದನ್ನು ಹೇಗೆ ತಿದ್ದುವುದು ಮೇಷ್ಟ್ರೇ?” ಎಂದಳು. ಒಬ್ಬ ಪೈಲ್ವಾನನ ಬಾಯಿಂದ ಬರುವ ಯಾಕೆ ಎಂಬ ಮಾತಿಗೂ ಹೇಗೆ ಎಂಬ ಮಾತಿಗೂ ಇರುವ ದೂರ ಎಷ್ಟೆಂಬುದು ಕಲಿಸುವವರಿಗೆ ಗೊತ್ತು. ಅಂದಿನಿಂದ ಮೂರು ತಿಂಗಳು ಅವಳು ಮಾಡಿದ್ದು ಒಂದೇ ಸಾಮು: ಪಟ್ಟು ಹಾಕು, ತಪ್ಪಿತೆಂದು ಭಾವಿಸು, ಎದುರಿನ ತೊಲೆಯ ಮೇಲೆ ಸುಣ್ಣದಲ್ಲಿ ಬರೆದ ಗುರುತನ್ನು ನೋಡುತ್ತ ಏಳು. ಆ ಸುಣ್ಣದ ಗುರುತು ಇನ್ನೂ ತೊಲೆಯ ಮೇಲಿದೆ.

ಸಾಗರದವರ ಕಣ್ಣಿಗೆ ಕಾಣದ ಸಂಗತಿಗಳೂ ಇದ್ದುವು. ಹೆಣ್ಣುಮಕ್ಕಳ ಮೊಣಕಾಲು ನೆಗೆದು ಇಳಿಯುವಾಗ ಒಳಕ್ಕೆ ವಾಲುವುದು ಹೆಚ್ಚು; ಒಳಗಿನ ಕಟ್ಟು ಹರಿಯುವ ಪೆಟ್ಟು ಅವರಿಗೆ ಹುಡುಗರಿಗಿಂತ ಹೆಚ್ಚಾಗಿ ಆಗುತ್ತದೆ. ಅದಕ್ಕಾಗಿ ದಿನವೂ ಕಾಲು ಗಂಟೆ ಮೆಟ್ಟಿಲಿನಿಂದ ಇಳಿಯುವುದನ್ನೇ ಕಲಿಸಬೇಕಾಯಿತು. ಇನ್ನೊಂದು, ತಿಂಗಳ ದಿನಗಳು. ಆ ದಿನಗಳ ಮುಂಚೆ ಮೈಯಲ್ಲಿ ನೀರು ನಿಂತು ತೂಕ ಹೆಚ್ಚಾಗುವುದುಂಟು. ಹಿಂದೆಲ್ಲ ಹುಡುಗಿಯರು ಇದನ್ನು ಯಾರಿಗೂ ಹೇಳಲಾರದೆ, ತಿಂದದ್ದೇ ಹೆಚ್ಚಾಯಿತೆಂದು ಬೈಸಿಕೊಂಡು ಉಪವಾಸ ಮಲಗುತ್ತಿದ್ದರಂತೆ. ಹೊಸನಗರದವರು ಒಂದು ಪಟ್ಟಿಯನ್ನು ಮಾಡಿ ಗುರುತು ಹಾಕುವುದನ್ನು ಕಲಿಸಿದರು. ರಕ್ತ ಕಡಿಮೆಯಿದೆಯೇ ಎಂದು ವೈದ್ಯರಲ್ಲಿ ಪರೀಕ್ಷೆ ಮಾಡಿಸಿದರು. ಮೂವರಲ್ಲಿ ಇಬ್ಬರಿಗೆ ಕಬ್ಬಿಣದ ಗುಳಿಗೆ ಬೇಕಾಯಿತು. ರಾಷ್ಟ್ರಮಟ್ಟಕ್ಕೆ ಹೋಗಿ ಬಂದ ಮಕ್ಕಳಲ್ಲಿಯೂ ಇಂತಹದೊಂದು ಕೊರತೆ ಯಾರ ಗಮನಕ್ಕೂ ಬಾರದೆ ಉಳಿದಿತ್ತಲ್ಲ ಎಂದು ಅಂದು ನಮಗೆ ವ್ಯಸನವೂ ಆಯಿತು. ನಾವು ಇಲ್ಲಿ ಮಾಡಬೇಕಾದ ಕೆಲಸವೊಂದಿದೆಯೆಂಬ ಧೈರ್ಯವೂ ಬಂದಿತು.

ಆ ಧೈರ್ಯ ಒರೆಗೆ ಹತ್ತಿದ್ದು ತೂಕದ ವಿಷಯದಲ್ಲಿ. ಮನೆಯ ಊಟ, ನಾಟಿಯ ಗದ್ದೆಯ ಕೆಲಸ, ಹದಿಹರೆಯದ ಬೆಳವಣಿಗೆ ಎಲ್ಲ ಕೂಡಿ ಬಿದನೂರಿನವಳು ಐವತ್ತೇಳೂವರೆ ಕಿಲೋ ತೂಗತೊಡಗಿದಳು. ಭುಜ ತುಂಬಿಕೊಂಡಿತು, ಮುಖದಲ್ಲಿ ಕಳೆ ಬಂದಿತು. ಅವಳ ತಂದೆಗೆ ಮಾತ್ರ ಅದು ಚಿಂತೆಗೆ ಕಾರಣವಾಯಿತು. ಪದಕ ಬಂದದ್ದು ೫೩ರಲ್ಲಿ. ಆದಕಾರಣ ಮತ್ತೆ ೫೩ಕ್ಕೆ ಇಳಿಸಬೇಕು. ಹಿಂದೆ ಹೇಗೆ ಇಳಿಸುತ್ತಿದ್ದರೆಂದು ಕೇಳಿದರೆ ಅವಳು ಹೇಳಿದುದು ಇದು: ಎರಡು ದಿನ ಹನಿ ನೀರೂ ಇಲ್ಲ, ಮೈತುಂಬ ರಬ್ಬರಿನ ಉಡುಪು ತೊಟ್ಟು ಓಟ, ಉಗುಳು ಬರಿಸಿ ಉಗುಳುವುದು. ನಾಲ್ಕೂವರೆ ಕಿಲೋವನ್ನು ಹೀಗೆ ಹಿಂಡಿ ತೆಗೆಯುವುದು ಸಾಧ್ಯವಿಲ್ಲವೆಂದಲ್ಲ. ಆದರೆ ೨೦೧೮ರಿಂದ ಕುಸ್ತಿಯ ದಿನದ ಬೆಳಿಗ್ಗೆಯೇ ತೂಗುವ ನಿಯಮ ಬಂದಿದೆ. ತಕ್ಕಡಿಯಿಂದ ಇಳಿದು ಮ್ಯಾಟು ಹತ್ತುವುದರೊಳಗೆ ಮೈ ಚೇತರಿಸಿಕೊಳ್ಳುವುದಕ್ಕೆ ಹೊತ್ತೇ ಇಲ್ಲ. ಹೆಂಗಸರಿಗೆ ಹತ್ತು ತೂಕಗಳಿವೆ. ೫೩ ಆದಮೇಲೆ ೫೫, ಅನಂತರ ೫೭. ಒಲಿಂಪಿಕ್ಕಿನ ಆರು ತೂಕಗಳಲ್ಲಿ ೫೭ ಕೂಡ ಒಂದು.

೫೭ರಲ್ಲೇ ಆಡಲಿ ಎಂದೆವು. ತಂದೆ ನಮ್ಮ ಜಗುಲಿಯ ಮೇಲೆ ಕುಳಿತು, ಕವಳದ ಸಂಚಿಯನ್ನು ಬಿಚ್ಚದೆ, ಬಹಳ ಮರ್ಯಾದೆಯಿಂದಲೇ ಕೇಳಿದರು: “ತಾವು ಎಷ್ಟು ಮಂದಿ ರಾಷ್ಟ್ರದ ಪೈಲ್ವಾನರನ್ನು ತಯಾರು ಮಾಡಿದ್ದೀರಿ?” ಒಬ್ಬರನ್ನೂ ಇಲ್ಲವೆಂದೆವು. “ಹಾಗಾದರೆ ಇವಳನ್ನು ೫೩ಕ್ಕೆ ತಂದವರ ಮಾತನ್ನು ಬಿಟ್ಟು ನಿಮ್ಮ ಮಾತನ್ನು ಯಾಕೆ ಕೇಳಲಿ?” ಕೇಳತಕ್ಕ ಮಾತೇ. ಹೊಸನಗರದವರು ಒಳಗೆ ಹೋಗಿ ನೋಟುಪುಸ್ತಕವನ್ನು ತಂದು ಅವರ ಮುಂದಿಟ್ಟರು. ಹಿಂದಿನ ಪಂದ್ಯಗಳಲ್ಲಿ ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಮಗಳ ಕಾಲು ಹೇಗೆ ಸೋತುಹೋಗುತ್ತಿತ್ತೆಂಬುದು ಅದರಲ್ಲಿ ನಿಮಿಷ ನಿಮಿಷಕ್ಕೆ ಬರೆದಿತ್ತು. “ನೀರು ಬಿಡಿಸಿ ಇವಳನ್ನು ಕಣಕ್ಕಿಳಿಸುವುದಾದರೆ ನಮ್ಮ ಕೈಯಿಂದ ಆಗುವುದಿಲ್ಲ. ಬೇರೆಯವರ ಬಳಿಗೆ ಕರೆದೊಯ್ದರೆ ನಮ್ಮ ಅಡ್ಡಿಯಿಲ್ಲ, ಬೇಸರವೂ ಇಲ್ಲ” ಎಂದರು. ಅವರು ಪುಸ್ತಕವನ್ನು ಓದಿದರೋ ಇಲ್ಲವೋ, ಎದ್ದು ಹೋದರು. ನಾಲ್ಕು ದಿನ ಹುಡುಗಿ ಬರಲಿಲ್ಲ. ಐದನೆಯ ದಿನ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಬಂದು ಬೊಂಬೆಯನ್ನು ಎತ್ತತೊಡಗಿದಳು. ಮನೆಯಲ್ಲಿ ಏನು ನಡೆಯಿತೆಂದು ನಾವು ಕೇಳಲಿಲ್ಲ.

೨೦೨೨ರಲ್ಲಿ ಅವಳು ರಾಜ್ಯದ ಆಯ್ಕೆಯಲ್ಲಿ ೫೭ಕ್ಕೆ ಗೆದ್ದು ಉತ್ತರದೇಶದ ಊರೊಂದಕ್ಕೆ ರಾಷ್ಟ್ರದ ಪಂದ್ಯಕ್ಕೆ ಹೋದಳು. ತಂಡದವರ ಅನುಮತಿಯಿಂದ ಹೊಸನಗರದವರು ಮ್ಯಾಟಿನ ಮೂಲೆಯ ಕುರ್ಚಿಯಲ್ಲಿ ಕುಳಿತರು. ಮೂಲೆಯವರ ಕೈಗೆ ಮೆತ್ತನೆಯದೊಂದು ತುಂಡನ್ನು ಕೊಟ್ಟಿರುತ್ತಾರೆ. ತೀರ್ಪು ತಪ್ಪೆಂದು ತೋರಿದರೆ ಅದನ್ನು ಮ್ಯಾಟಿನೊಳಕ್ಕೆ ಎಸೆಯಬೇಕು. ಆಗ ಪಂಚರು ಚಿತ್ರವನ್ನು ಮತ್ತೆ ನೋಡುತ್ತಾರೆ. ತೀರ್ಪು ಬದಲಾಗದಿದ್ದರೆ ಎದುರಾಳಿಗೆ ಒಂದು ಅಂಕ ಹೆಚ್ಚಾಗಿ ಸಿಕ್ಕುತ್ತದೆ. ೨೦೧೬ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ೫೮ ಕಿಲೋ ವಿಭಾಗದಲ್ಲಿ ಕಂಚನ್ನು ಗೆದ್ದ ಪಂದ್ಯವನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಒಲಿಂಪಿಕ್ಕಿನಲ್ಲಿ ಪದಕ ಪಡೆದ ನಮ್ಮ ದೇಶದ ಮೊದಲನೆಯ ಮಹಿಳಾ ಕುಸ್ತಿಪಟು ಆಕೆ. ಸೊನ್ನೆ ಐದರಿಂದ ಹಿಂದಿದ್ದವಳು ಕೊನೆಯ ಗಳಿಗೆಯಲ್ಲಿ ಏಳು ಐದು ಮಾಡಿದಳು; ಕಿರ್ಗಿಜ್ ದೇಶದವರು ತೀರ್ಪನ್ನು ಪ್ರಶ್ನಿಸಿ ಸೋತುದರಿಂದ ಎಂಟು ಐದಾಯಿತು. ಆ ಚಿತ್ರವನ್ನು ನಮ್ಮ ಮೂವರಿಗೂ ಎಷ್ಟೋ ಸಲ ತೋರಿಸಿದ್ದೆವು.

ಬಿದನೂರಿನವಳ ಮೊದಲನೆಯ ಪಂದ್ಯದಲ್ಲಿ ಅಂಕ ನಾಲ್ಕು ನಾಲ್ಕು. ಇನ್ನು ನಲವತ್ತು ಸೆಕೆಂಡೋ ಏನೋ ಉಳಿದಿದ್ದಾಗ ಇಬ್ಬರೂ ಅಂಚಿನಲ್ಲಿ ತಳ್ಳಾಡಿ ಹೊರಬಿದ್ದರು. ಅಂಕ ಎದುರಾಳಿಗೆ ಹೋಯಿತು. ಇವಳು ಕೈಯೆತ್ತಿ ಮೂಲೆಯ ಕಡೆ ತಿರುಗಿ, ಎಸೆಯಿರಿ ಎಂದು ಸನ್ನೆ ಮಾಡಿದಳು. ಮೇಲೆ ಪ್ರೇಕ್ಷಕರ ಸಾಲಿನಲ್ಲಿದ್ದ ಸಾಗರದವರೂ ಎದ್ದು ನಿಂತು, “ಎಸೆ, ಎಸೆ” ಎಂದು ಕೂಗುತ್ತಿದ್ದರಂತೆ. ಪುಣ್ಯಕ್ಕೆ ಆ ಗದ್ದಲದಲ್ಲಿ ಅದು ಕೆಳಗೆ ಕೇಳಿಸಲಿಲ್ಲ. ಇವಳ ಹಿಮ್ಮಡಿ ಗೆರೆಯಾಚೆ ಮೊದಲು ಬಿದ್ದುದನ್ನು ಹೊಸನಗರದವರು ಕಣ್ಣಾರೆ ಕಂಡಿದ್ದರು. ತುಂಡನ್ನು ಮಡಿಲಲ್ಲಿಟ್ಟುಕೊಂಡು ತಲೆಯಾಡಿಸಿ, ಗಲ್ಲವನ್ನು ಮೇಲೆತ್ತಿ ತೋರಿಸಿದರು. ಹುಡುಗಿ ಒಂದು ಕ್ಷಣ ನೋಡಿದಳು. ತಿರುಗಿ ನಡುವಿಗೆ ನಡೆದಳು. ಕಾಲಿಗೆ ಕೈಹಾಕಿದಳು, ತಪ್ಪಿತು. ತಲೆಯೆತ್ತಿ ಎದ್ದಳು. ಎದುರಾಳಿಗೆ ಕೊರಳು ಸಿಕ್ಕಲಿಲ್ಲ. ಆಕೆ ಸಮತೂಕ ತಪ್ಪಿದ ಹೊತ್ತಿಗೆ ಇವಳು ಎರಡನೆಯ ಸಲ ಕೈಹಾಕಿ ಕೆಡವಿದಳು. ಆರು ಐದು. ಮುಂದಿನ ಪಂದ್ಯದಲ್ಲಿ ಹರಿಯಾಣದ ಹುಡುಗಿಯೊಬ್ಬಳು ಇವಳನ್ನು ಹತ್ತು ಅಂಕಗಳ ಅಂತರದಿಂದ ಸೋಲಿಸಿ ಕಳುಹಿಸಿದಳು. ಪದಕವಿಲ್ಲದೆ ಊರಿಗೆ ಬಂದೆವು. ರೈಲಿನಲ್ಲಿ ಅವಳು ನೋಟುಪುಸ್ತಕವನ್ನು ಕೇಳಿ ಪಡೆದು, ಆ ಸೋತ ಪಂದ್ಯವನ್ನು ತಾನೇ ಗೆರೆಹೊಡೆದು ಬರೆದಳು. ಅದಕ್ಕೆ ಮೊದಲು ಆ ಪುಸ್ತಕದಲ್ಲಿ ನಮ್ಮ ಕೈಬರಹವಲ್ಲದೆ ಬೇರೆಯದಿರಲಿಲ್ಲ.

೨೦೨೩ರ ಜನವರಿಯಲ್ಲಿ ಸಾಕ್ಷಿ ಮಲಿಕ್, ವಿನೇಶ್ ಫೋಗಟ್ ಮೊದಲಾದವರು ಕುಸ್ತಿ ಒಕ್ಕೂಟದ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕುಳಿತರು. ನಮ್ಮ ಹಳ್ಳಿಗಳ ತಾಯಂದಿರು ಆ ಸುದ್ದಿಯನ್ನು ನೋಡಿ ಬಂದು, ನೇರವಾಗಿ ಕೇಳಲಾರದೆ, ಸುತ್ತಿ ಬಳಸಿ ಕೇಳಿದರು. ಅವರಿಗೆ ತೋರಿಸಲು ನಮ್ಮಲ್ಲಿ ಮೊದಲ ದಿನದಿಂದ ನಡೆದುಬಂದ ಪದ್ಧತಿಯಿತ್ತು. ಮಾಡಿಗೆ ಬಾಗಿಲಿಲ್ಲ; ಯಾರು ಬೇಕಾದರೂ ಬಂದು ಕುಳಿತು ನೋಡಬಹುದು. ಪಟ್ಟನ್ನು ಮೈಮುಟ್ಟಿ ತೋರಿಸುವವರು ಹೊಸನಗರದವರು. ಸಾಗರದವರು ಬಾಯಲ್ಲಿ ಹೇಳುತ್ತಾರೆ, ತೋರಿಸಲೇಬೇಕಾದರೆ ಬೊಂಬೆಯ ಮೇಲೆ ತೋರಿಸುತ್ತಾರೆ. ಫೋನಿನ ಸಂದೇಶವೇನಿದ್ದರೂ ತಾಯ್ತಂದೆಗಳಿಗೇ ಹೋಗುತ್ತದೆ. ಇಷ್ಟಾದರೂ ಆ ವರ್ಷ ಇಬ್ಬರು ಚಿಕ್ಕ ಹುಡುಗಿಯರನ್ನು ಮನೆಯವರು ಬಿಡಿಸಿದರು. ಅವರ ಮೇಲೆ ನಮಗೆ ಕೋಪವಿಲ್ಲ. ಮಕ್ಕಳನ್ನು ಹೆತ್ತವರ ಭಯಕ್ಕೆ ನಾವು ಜವಾಬು ಹೇಳಬೇಕೇ ಹೊರತು ಕೋಪಿಸಿಕೊಳ್ಳುವಂತಿಲ್ಲ.

೨೦೨೪ರ ಆಗಸ್ಟ್ ೬ರಂದು ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಟ್ ೫೦ ಕಿಲೋ ವಿಭಾಗದಲ್ಲಿ ಒಂದೇ ದಿನ ಮೂವರನ್ನು ಗೆದ್ದಳು; ಅದರಲ್ಲಿ ಒಬ್ಬಳು ಅಂದಿನವರೆಗೂ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದ ಜಪಾನಿನ ಯುಯಿ ಸುಸಾಕಿ. ಮರುದಿನ ಬೆಳಿಗ್ಗೆ ತಕ್ಕಡಿ ೧೦೦ ಗ್ರಾಮು ಹೆಚ್ಚು ತೋರಿಸಿತು. ರಾತ್ರಿಯಿಡೀ ಓಡಿ ಬೆವರಿಳಿಸಿ, ಕೂದಲನ್ನು ಕತ್ತರಿಸಿದರೂ ಆ ನೂರು ಗ್ರಾಮು ಇಳಿಯಲಿಲ್ಲ. ಅಂತಿಮ ಪಂದ್ಯವೂ ಇಲ್ಲ, ಪದಕವೂ ಇಲ್ಲ.

ಅದಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ಬಿದನೂರಿನವಳ ತಂದೆ ಮಳೆಯಲ್ಲಿ ಕೊಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಬಾಳೆಯೆಲೆಯಲ್ಲಿ ಕಟ್ಟಿದ ಕಳಲೆಯನ್ನು ತಂದಿದ್ದರು. ಜಗುಲಿಯ ಮೇಲೆ ಕುಳಿತು ಈ ವರ್ಷದ ಕೊಳೆರೋಗ, ಔಷಧಿ ಹೊಡೆಯುವವರ ಕೂಲಿ, ಅಡಿಕೆಯ ಧಾರಣೆ ಎಲ್ಲವನ್ನೂ ಮಾತನಾಡಿದರು. ಕವಳ ಹಾಕಿದರು. ಕುಸ್ತಿಯ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹೊರಟು, ಕೊಡೆ ಬಿಚ್ಚಿ, ಮೆಟ್ಟಿಲು ಇಳಿದ ಮೇಲೆ ಹಿಂದಿರುಗಿ ನೋಡಿ, “ಅಕ್ಕೋರೇ, ಆ ಪುಸ್ತಕ ಇನ್ನೂ ಇದೆಯೋ?” ಎಂದರು. ಇದೆಯೆಂದೆವು. “ಚಿಕ್ಕವಳಿಗೂ ಈಗ ಹನ್ನೆರಡು ತುಂಬಿತು. ನಾಟಿ ಮುಗಿದ ಮೇಲೆ ಕಳಿಸುತ್ತೇನೆ” ಎಂದು ಹೇಳಿ ಮಳೆಯಲ್ಲಿ ನಡೆದರು.